ಹಳೆ ದೋಣಿಗೆ ಹೊಸ ಮೋಟಾರು: ಅಂಗಡಿಗೆ ಹೋಗುವ ಮೊದಲು ದೋಣಿ ನೋಡಿ

ಸೀಮೆಎಣ್ಣೆ ಮೋಟಾರು ಕಟ್ಟಿಕೊಂಡು ಕಡಲಿಗೆ ಹೋಗುವ ಕಾಲ ಮುಗಿಯುತ್ತಾ ಬಂದಿದೆ. ಸಬ್ಸಿಡಿ ಸೀಮೆಎಣ್ಣೆ ಬೇಕಾದಾಗ ಸಿಗುವುದಿಲ್ಲ, ಹೊರಗೆ ಕೊಂಡರೆ ಪೂರೈಸುವುದಿಲ್ಲ. ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಕಿಕೊಳ್ಳುವವರಿಗೆ ತಲಾ 50,000 ರೂಪಾಯಿಯಂತೆ 4,000 ದೋಣಿಗಳಿಗೆ ಸಹಾಯಧನ ಕೊಡುವುದಾಗಿ ರಾಜ್ಯ ಸರ್ಕಾರ 2023ರ ಜುಲೈ ಬಜೆಟ್‌ನಲ್ಲಿ ಹೇಳಿತು. ಅಲ್ಲಿಂದ ನಾಡದೋಣಿಯವರು ಸೇರಿದಲ್ಲೆಲ್ಲ ಒಂದೇ ಮಾತು: ಯಾವ ಮೋಟಾರು ತಗೊಳ್ಳೋದು?

ಈ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿಲ್ಲ, ದಡದ ಮೇಲೆ ಎಳೆದಿಟ್ಟಿರುವ ನಿಮ್ಮ ದೋಣಿಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಪಕ್ಕದವನ ದೋಣಿಗೆ 15 ಎಚ್‌ಪಿ ಬಂತು, ನಮಗೆ 20 ಬೇಕು ಎಂಬ ಪೈಪೋಟಿಯಿಂದ ಲಾಭವಾಗುವುದು ಮಾರುವವರಿಗೆ ಮಾತ್ರ.

ಮೊದಲು ಹಿಂಬದಿಯ ಹಲಗೆ ನೋಡಿ. ಮೋಟಾರಿನ ಭಾರ, ಎಳೆತ, ನಡುಕ ಎಲ್ಲವನ್ನೂ ಹೊರುವುದು ಅದೇ. ಹತ್ತು ಹದಿನೈದು ವರ್ಷ ಉಪ್ಪುನೀರು ಕುಡಿದ ಮರ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಬೋಲ್ಟ್ ತೂತುಗಳ ಸುತ್ತ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೆತ್ತಗೆ ಒಳಗಿಳಿದರೆ ಮರ ಕೊಳೆತಿದೆ. ಮೇಲೆ ಫೈಬರ್ ಹೊದಿಸಿದ ದೋಣಿಯಾದರೆ ಸುತ್ತಿಗೆಯ ಹಿಡಿಯಿಂದ ತಟ್ಟಿ. ಗಟ್ಟಿ ಸದ್ದು ಬರುವ ಬದಲು ಟೊಳ್ಳು ಸದ್ದು ಬಂದರೆ ಒಳಗೆ ನೀರು ಸೇರಿರಬಹುದು. ಇಂಥ ಹಲಗೆಗೆ ಹೊಸ ಮೋಟಾರು ಕೂರಿಸಿದರೆ ಒಂದು ದೊಡ್ಡ ಅಲೆಗೆ ಮೋಟಾರೂ ಹೋಗುತ್ತದೆ, ದೋಣಿಯ ಹಿಂಭಾಗವೂ ಹೋಗುತ್ತದೆ. ಮೊದಲ ಖರ್ಚು ಬಡಗಿಗೆ ಇರಲಿ.

ಎರಡನೆಯದು ಎಚ್‌ಪಿ ಲೆಕ್ಕ. ಭಾರದ ನಾಡದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ, ಸ್ಪೀಡ್‌ಬೋಟಿನಂತೆ ನೀರಿನ ಮೇಲೆ ಹಾರುವುದಿಲ್ಲ. ಸೀಳಿ ಹೋಗುವ ದೋಣಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದ 25 ಅಡಿ ಇದ್ದರೆ ಆ ಮಿತಿ ಗಂಟೆಗೆ ಸುಮಾರು 12 ಕಿಲೋಮೀಟರ್. ಅದರ ಮೇಲೆ ಎಷ್ಟು ಎಚ್‌ಪಿ ಸುರಿದರೂ ಹಿಂಭಾಗ ಕುಸಿದು, ಮುಂಭಾಗ ಎದ್ದು, ಅಲೆ ದೊಡ್ಡದಾಗುತ್ತದೆ ಅಷ್ಟೆ. ಪೆಟ್ರೋಲು ಸುಟ್ಟದ್ದಕ್ಕೆ ದೂರ ಸಿಗುವುದಿಲ್ಲ. ಹಗುರ ಫೈಬರ್ ದೋಣಿಯವರ ಲೆಕ್ಕ ಬೇರೆ, ಅಲ್ಲಿ ಹೆಚ್ಚು ಎಚ್‌ಪಿ ವೇಗ ಕೊಡುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾರಣವೂ ಇದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಕಡಲಿಗಿಳಿಯಲು ಅವಕಾಶ ಇರುವುದು ಸಾಂಪ್ರದಾಯಿಕ ದೋಣಿಗಳಿಗೆ ಮತ್ತು 10 ಎಚ್‌ಪಿವರೆಗಿನ ಮೋಟಾರು ಇರುವ ನಾಡದೋಣಿಗಳಿಗೆ. ಮಳೆಗಾಲದ ಬಂಗುಡೆ, ಸಿಗಡಿಯನ್ನೇ ನಂಬಿರುವ ಮನೆಗೆ 15 ಎಚ್‌ಪಿ ಮೋಟಾರು ಎಂದರೆ ಎರಡು ತಿಂಗಳ ದುಡಿಮೆಗೆ ಬೀಗ. 9.9 ಎಚ್‌ಪಿ ಮೋಟಾರು ಆ ಮಿತಿಯೊಳಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ಬಲೆ ಬೀಸುವವರು ಅದನ್ನು ಬಿಟ್ಟು ಮೇಲೆ ಹೋಗುವ ಮೊದಲು ಎರಡು ಸಲ ಯೋಚಿಸಬೇಕು.

"ಅಳಿವೆ ದಾಟುವಾಗ ಶಕ್ತಿ ಬೇಡವೇ?" ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ಸರಿಯಾದದ್ದೇ. ಗಂಗೊಳ್ಳಿ, ಕೋಡಿಬೆಂಗ್ರೆ, ಹೊನ್ನಾವರದ ಅಳಿವೆಗಳಲ್ಲಿ ಅಲೆ ಒಡೆಯುವಾಗ ಮೋಟಾರು ಸೋತರೆ ಜೀವಕ್ಕೇ ಅಪಾಯ. ಆದರೆ ಭಾರದ ದೋಣಿಯನ್ನು ತಳ್ಳುವ ಶಕ್ತಿ ಎಚ್‌ಪಿಯಿಂದ ಎಷ್ಟು ಬರುತ್ತದೋ ಪ್ರೊಪೆಲ್ಲರ್‌ನಿಂದಲೂ ಅಷ್ಟೇ ಬರುತ್ತದೆ. ಮೋಟಾರಿನ ಜೊತೆ ಬರುವ ಫ್ಯಾನು ಸಾಮಾನ್ಯವಾಗಿ ಹಗುರ ದೋಣಿಗೆ ಸರಿಹೊಂದುವಂಥದ್ದು. ಭಾರದ ದೋಣಿಗೆ ಕಡಿಮೆ ಪಿಚ್‌ನ ಫ್ಯಾನು ಬೇಕು. ಬಲೆ, ಜನ ಎಲ್ಲ ಹೇರಿಕೊಂಡು ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಕೈಪಿಡಿಯಲ್ಲಿ ಬರೆದಷ್ಟು ಆರ್‌ಪಿಎಂ ಬರಬೇಕು. ಬರದಿದ್ದರೆ ಮೋಟಾರು ಏದುಸಿರು ಬಿಡುತ್ತಿದೆ ಎಂದರ್ಥ. ಅದಕ್ಕೆ ಫ್ಯಾನು ಬದಲಿಸಿದರೆ ಸಾಕು, ಮೋಟಾರು ಬದಲಿಸಬೇಕಿಲ್ಲ.

ಶಾಫ್ಟ್‌ನ ಉದ್ದವೂ ಮುಖ್ಯ. 15 ಇಂಚಿನದ್ದು ಶಾರ್ಟ್, 20 ಇಂಚಿನದ್ದು ಲಾಂಗ್. ಫ್ಯಾನಿನ ಮೇಲಿರುವ ಚಪ್ಪಟೆ ತಟ್ಟೆ ದೋಣಿಯ ತಳಕ್ಕೆ ಸಮವಾಗಿ, ಹೆಚ್ಚೆಂದರೆ ಒಂದು ಇಂಚು ಕೆಳಗೆ ಬರಬೇಕು. ಶಾಫ್ಟ್ ಗಿಡ್ಡವಾದರೆ ಅಲೆಯಲ್ಲಿ ಫ್ಯಾನು ಗಾಳಿ ಕಚ್ಚುತ್ತದೆ, ತಳ್ಳುವುದಿಲ್ಲ. ಟೇಪು ಹಿಡಿದು ಹಲಗೆಯ ಎತ್ತರ ಅಳೆದು, ಬರೆದುಕೊಂಡು ಅಂಗಡಿಗೆ ಹೋಗಿ.

ಟೂ-ಸ್ಟ್ರೋಕೋ ಫೋರ್-ಸ್ಟ್ರೋಕೋ? ಟೂ-ಸ್ಟ್ರೋಕ್ ಹಗುರ, ಹೊತ್ತು ಸಾಗಿಸುವುದು ಸುಲಭ, ನಮ್ಮೂರ ಮೆಕ್ಯಾನಿಕ್ಕಿಗೆ ಪರಿಚಯದ್ದು. ಆದರೆ ಹೆಚ್ಚು ಕುಡಿಯುತ್ತದೆ. ಒಂದು ಅಂದಾಜು ಹಾಕೋಣ. 10 ಎಚ್‌ಪಿಯ ಫೋರ್-ಸ್ಟ್ರೋಕ್ ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು 4 ಲೀಟರ್ ಸುಡುತ್ತದೆ. ದಿನಕ್ಕೆ ಮೂರು ಗಂಟೆ ಓಡಿದರೆ 12 ಲೀಟರ್, ಲೀಟರಿಗೆ 100 ರೂಪಾಯಿಯಂತೆ 1,200 ರೂಪಾಯಿ. ಹಳೆ ಮಾದರಿಯ ಟೂ-ಸ್ಟ್ರೋಕ್ ಅದಕ್ಕಿಂತ ಕಾಲು ಭಾಗ ಹೆಚ್ಚು ಸುಟ್ಟರೂ ದಿನಕ್ಕೆ 300, ನೂರು ದಿನಕ್ಕೆ 30,000 ರೂಪಾಯಿ ಹೆಚ್ಚು. ಎರಡು ವರ್ಷದಲ್ಲಿ ಸರ್ಕಾರ ಕೊಟ್ಟ 50,000 ಕರಗಿಹೋಯಿತು, ಬೆರೆಸುವ ಆಯಿಲ್‌ನ ಖರ್ಚು ಬೇರೆ. ವರ್ಷಕ್ಕೆ ಕೆಲವೇ ದಿನ ಹೊಳೆಯಲ್ಲಿ ಓಡಿಸುವವರಿಗೆ ಟೂ-ಸ್ಟ್ರೋಕ್ ಸಾಕು. ದಿನಾ ಕಡಲಿಗೆ ಹೋಗುವವರಿಗೆ ಫೋರ್-ಸ್ಟ್ರೋಕ್ ಉಳಿತಾಯ. ಆದರೆ ಅದರ ಆಯಿಲ್ ಸಮಯಕ್ಕೆ ಸರಿಯಾಗಿ ಬದಲಿಸಲೇಬೇಕು. ಹಳೆ ಅಭ್ಯಾಸದಂತೆ ಪೆಟ್ರೋಲ್ ಮೋಟಾರಿಗೆ ಸೀಮೆಎಣ್ಣೆ ಬೆರೆಸಿದರೆ ಪ್ಲಗ್ ಕಟ್ಟಿಕೊಳ್ಳುತ್ತದೆ, ಆಯಿಲ್ ತೆಳುವಾಗಿ ಎಂಜಿನ್ನೇ ಹಾಳಾಗುತ್ತದೆ.

ಇದೆಲ್ಲ ದೋಣಿಯವರು ನೋಡಿಕೊಳ್ಳಬೇಕಾದದ್ದು. ಸರ್ಕಾರ ನೋಡಬೇಕಾದದ್ದೂ ಇದೆ. ಇವತ್ತು ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಹಲವು ಔಟ್‌ಬೋರ್ಡ್ ಮೋಟಾರುಗಳ ಕೈಪಿಡಿಯಲ್ಲಿ 10 ಶೇಕಡಾ ಮಾತ್ರ ಎಂದು ಬರೆದಿರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಾಗೆ ಸೇರಿದ ನೀರು ಟ್ಯಾಂಕಿನ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ನಡುಕಡಲಲ್ಲಿ ಮೋಟಾರು ನಿಲ್ಲಲು ಅಷ್ಟು ಸಾಕು. ಒಂದು ಕೈಯಲ್ಲಿ ಪೆಟ್ರೋಲ್‌ಗೆ ಬನ್ನಿ ಎಂದು ಸಹಾಯಧನ ಕೊಟ್ಟು, ಇನ್ನೊಂದು ಕೈಯಲ್ಲಿ ಮೋಟಾರಿಗೆ ಒಗ್ಗದ ಪೆಟ್ರೋಲ್ ಕೊಟ್ಟರೆ ಹೇಗೆ? ಸಹಾಯಧನದ ಪಟ್ಟಿಯಲ್ಲಿ ಈ ಪೆಟ್ರೋಲ್‌ಗೆ ಒಗ್ಗುವ ಮೋಟಾರುಗಳು ಮಾತ್ರ ಇರಬೇಕು. ನೀರು ಬೇರ್ಪಡಿಸುವ ಫಿಲ್ಟರನ್ನೂ ಅದರಲ್ಲೇ ಸೇರಿಸಬೇಕು.

ಮೀನುಗಾರಿಕೆ ಇಲಾಖೆಗೆ ನಾವು ಹೇಳುವುದು ಇಷ್ಟು. ಬಿಲ್ಲು ನೋಡಿ ಹಣ ಹಾಕಿದರೆ ಕೆಲಸ ಮುಗಿಯುವುದಿಲ್ಲ. ದೋಣಿಯ ಹಲಗೆ ಪರೀಕ್ಷಿಸಿ, ದುರಸ್ತಿಗೂ ಹಣ ಸಿಗುವಂತೆ ಮಾಡಿ. ಫ್ಯಾನು ಹೊಂದಿಸಿ ಓಡಿಸಿ ನೋಡಿದ ಮೇಲೆ ಒಪ್ಪಿಗೆ ಕೊಡಿ. ಪ್ರತಿ ಬಂದರಿನಲ್ಲೂ ಇಬ್ಬರು ಮೂವರು ಯುವಕರಿಗೆ ಫೋರ್-ಸ್ಟ್ರೋಕ್ ದುರಸ್ತಿ ಕಲಿಸಿ. ಬಿಡಿಭಾಗಕ್ಕೆ ವಾರಗಟ್ಟಲೆ ಕಾಯುವ ಮೋಟಾರು ಎಷ್ಟೇ ಒಳ್ಳೆಯದಾದರೂ ಅಷ್ಟು ದಿನ ಮನೆಯ ಒಲೆ ಉರಿಸುವುದಿಲ್ಲ.

ದೋಣಿಯವರಿಗೂ ಒಂದು ಮಾತು. ಡೀಲರ್ ಹತ್ತಿರ ಮೂರು ವಿಷಯ ಬರಹದಲ್ಲಿ ಕೇಳಿ: ಎಷ್ಟು ಎಥನಾಲ್ ತಡೆಯುತ್ತದೆ, ಹತ್ತಿರದ ಸರ್ವಿಸ್ ಎಲ್ಲಿ, ಭಾರದ ದೋಣಿಯ ಫ್ಯಾನು ಬದಲಿಸಿ ಕೊಡುತ್ತೀರಾ. ಬರೆದುಕೊಡದವರ ಅಂಗಡಿಯಿಂದ ಎದ್ದು ಬನ್ನಿ. ಸಾಲ ತೀರಿಸಬೇಕಾದವರು ನೀವು, ಆ ಮೋಟಾರು ನಂಬಿ ಕಡಲಿಗೆ ಹೋಗಬೇಕಾದವರೂ ನೀವೇ.