ಕಲ್ನಾರು ಕ್ಯಾನ್ಸರ್: ಕಾರ್ಮಿಕನಿಗೆ ಆಸರೆಯಾಗಬೇಕಾದ ದಾಖಲೆ

ಛಾವಣಿಯ ಶೀಟು, ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್, ಬಾಯ್ಲರ್ ಹೊದಿಕೆ ಮುಂತಾದ ಉತ್ಪನ್ನಗಳ ಮೂಲಕ ಆಸ್ಬೆಸ್ಟಾಸ್, ಅರ್ಥಾತ್ ಕಲ್ನಾರು, ಸಣ್ಣ ಕೈಗಾರಿಕೆಗಳಿಗೆ ಚಿರಪರಿಚಿತ. ಇದರ ಸೂಕ್ಷ್ಮ ನಾರುಗಳು ಉಸಿರಿನೊಡನೆ ದೇಹ ಸೇರಿದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹಾಗೂ ಶ್ವಾಸಕೋಶದ ಹೊರಪೊರೆಯನ್ನು ಬಾಧಿಸುವ ಮೆಸೊಥೆಲಿಯೋಮಾ ಉಂಟಾಗಬಹುದು. ಮೆಸೊಥೆಲಿಯೋಮಾ ಸಾಮಾನ್ಯವಾಗಿ 20ರಿಂದ 40 ವರ್ಷಗಳ, ಕೆಲವೊಮ್ಮೆ ಅದಕ್ಕೂ ದೀರ್ಘಾವಧಿಯ ನಂತರ ಪ್ರಕಟವಾಗುತ್ತದೆ.

ಚಿಕಿತ್ಸೆಯಲ್ಲಿ ಪ್ರಗತಿಯಾಗಿರುವುದು ನಿಜ. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಸ್‌ಪ್ಲಾಟಿನ್ ಮಾತ್ರ ಪಡೆದವರ ಮಧ್ಯಮ ಜೀವಿತಾವಧಿ 9.3 ತಿಂಗಳಾಗಿದ್ದರೆ, ಪೆಮೆಟ್ರೆಕ್ಸೆಡ್ ಸಹ ಪಡೆದವರದು 12.1 ತಿಂಗಳಾಗಿತ್ತು. 2021ರಲ್ಲಿ ಪ್ರಕಟವಾದ ಇಮ್ಯುನೋಥೆರಪಿ ಅಧ್ಯಯನದಲ್ಲಿ ಈ ಅವಧಿ 18.1 ತಿಂಗಳು, ಕೀಮೋಥೆರಪಿ ಪಡೆದವರಲ್ಲಿ 14.1 ತಿಂಗಳು. ಸುಮಾರು ಎರಡು ದಶಕಗಳ ಸಂಶೋಧನೆಯ ಫಲವನ್ನು ಇಂದಿಗೂ ತಿಂಗಳುಗಳಲ್ಲೇ ಎಣಿಸಬೇಕಾಗಿದೆ. ಆದ್ದರಿಂದ ರೋಗಿಗೆ ಔಷಧದಷ್ಟೇ ಮುಖ್ಯವಾದುದು ಸಕಾಲದಲ್ಲಿ ದೊರೆಯುವ ಪರಿಹಾರ.

ಈ ದಿಸೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರ ಜನವರಿಯಲ್ಲಿ ನೀಡಿದ ತೀರ್ಪು ಮಹತ್ವದ್ದು. ಆಸ್ಬೆಸ್ಟಾಸ್ ಉದ್ಯಮಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ಅದು ಆದೇಶಿಸಿತು.

ಎಚ್ಚರಿಕೆಯಿಂದ ಬಳಸಿದರೆ ಬಿಳಿ ಆಸ್ಬೆಸ್ಟಾಸ್ ನಿರಪಾಯಕಾರಿ ಎಂಬ ವಾದವುಂಟು. ಆದರೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಿಳಿಯದೂ ಸೇರಿದಂತೆ ಎಲ್ಲ ಬಗೆಯ ಆಸ್ಬೆಸ್ಟಾಸನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ದೊಡ್ಡ ಕಾರ್ಖಾನೆಯಲ್ಲಿ ಧೂಳು ಹೀರುವ ಯಂತ್ರವಿದ್ದೀತು; ಒಣ ಶೀಟನ್ನು ಗರಗಸದಿಂದ ಕೊಯ್ಯುವ ಅಥವಾ ಹಳೆಯ ಬ್ರೇಕ್ ಲೈನಿಂಗನ್ನು ಉಜ್ಜುವ ಚಿಕ್ಕ ಕಾರ್ಯಾಗಾರದಲ್ಲಿ ಅಂಥ ಎಚ್ಚರಿಕೆಯನ್ನು ನಿರೀಕ್ಷಿಸುವುದು ಕಷ್ಟ.

ಸಣ್ಣ ಘಟಕಗಳ ಆಯುಷ್ಯ ಅನೇಕ ವೇಳೆ ಈ ರೋಗದ ಸುಪ್ತಾವಧಿಗಿಂತ ಕಡಿಮೆ. ರೋಗ ಪತ್ತೆಯಾಗುವ ವೇಳೆಗೆ ಘಟಕ ಮುಚ್ಚಿ, ಹಾಜರಿ ಪುಸ್ತಕ ರದ್ದಿಗೆ ಸೇರಿದ್ದರೆ, ತಾನು ಅಲ್ಲಿ ದುಡಿದೆನೆಂದು ಸಾಬೀತುಪಡಿಸುವ ಹೊಣೆ ತಿಂಗಳುಗಳನ್ನು ಎಣಿಸುತ್ತಿರುವ ರೋಗಿಯ ಮೇಲೆ ಬೀಳುತ್ತದೆ. ಇದು ನ್ಯಾಯವಲ್ಲ. ಮುಚ್ಚಿದ ಘಟಕಗಳ ಹಾಜರಿ ಹಾಗೂ ಆರೋಗ್ಯ ದಾಖಲೆಗಳನ್ನು ಗೋಪ್ಯವಾಗಿ ಕಾಪಾಡುವ ಹೊಣೆಯನ್ನು ವಾಣಿಜ್ಯ ಮಂಡಳಿಗಳೇ ವಹಿಸಿಕೊಳ್ಳಬಹುದು. ಇದು ಪ್ರಾಮಾಣಿಕ ಉದ್ಯಮಿಗೂ ರಕ್ಷಣೆ. ತಾನು ವಹಿಸಿದ ಎಚ್ಚರಿಕೆಗೆ ಆತನ ಬಳಿಯೂ ಪುರಾವೆ ಇರುತ್ತದೆ. ಪರ್ಯಾಯ ಸಾಮಗ್ರಿ ದೊರೆಯುವೆಡೆ ಆಸ್ಬೆಸ್ಟಾಸನ್ನು ಕೈಬಿಡುವುದು ಇನ್ನೂ ಮೇಲು. ಇಂದು ತಡೆದ ಧೂಳಿನ ಲಾಭ ಮೂವತ್ತು ವರ್ಷಗಳ ನಂತರ ತಿಳಿಯುವಂಥದು. ಆದರೂ ಅದರ ಲೆಕ್ಕ ಇಂದೇ ಆರಂಭವಾಗಬೇಕು.