ಫಲಕ ಬದಲಾದರೆ ಕಾರ್ಖಾನೆ ಬಂದೀತೆ?

ಉತ್ತರ ಕೆರೊಲಿನಾದ ರಾಲಿಯಿಂದ ವರ್ಜೀನಿಯಾದ ನಾರ್ಫೋಕ್‌ಗೆ ಐ-87 ಅಂತರರಾಜ್ಯ ಹೆದ್ದಾರಿ ಪೂರ್ತಿಯಾದರೆ ದಾರಿಯ ಹಿಂದುಳಿದ ಊರುಗಳಿಗೆ ಕಾರ್ಖಾನೆಗಳು ಸಾಲುಗಟ್ಟಿ ಬರುತ್ತವೆ ಎಂದು ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ನಕ್ಷೆ ಬಿಡಿಸಿ ನೋಡಿದ್ದರೆ ಇಷ್ಟು ಹುರುಪು ಇರುತ್ತಿರಲಿಲ್ಲ. ಐ-87 ಆಗಬೇಕಾದದ್ದು ಈಗಿರುವ ರಸ್ತೆಗಳೇ. ವಿಲಿಯಮ್‌ಸ್ಟನ್‌ವರೆಗಿನ ಯುಎಸ್-64 ಈಗಲೇ ಸಿಗ್ನಲ್ ಕಾಟವಿಲ್ಲದ ರಸ್ತೆ. ಅಲ್ಲಿಂದ ಮುಂದಿನ ಯುಎಸ್-17 ಬಹುಪಾಲು ನಾಲ್ಕು ಪಥದ್ದು. ವಿಂಡ್ಸರ್, ಈಡೆಂಟನ್, ಎಲಿಜಬೆತ್ ಸಿಟಿಗಳಿಗೆ ಬೈಪಾಸೂ ಇದೆ. ಲಾರಿಗಳು ಓಡುತ್ತಲೇ ಇವೆ, ಸ್ವಾಮಿ! ಕಾರ್ಖಾನೆ ಎಲ್ಲಿ?

ಅಂತರರಾಜ್ಯ ದರ್ಜೆ ಎಂದರೆ 12 ಅಡಿಯ ಪಥ, ಬಲಬದಿಗೆ 10 ಅಡಿಯ ಅಂಚು ಇಷ್ಟೇ ಅಲ್ಲ. ಇಂಟರ್‌ಚೇಂಜ್ ಬಿಟ್ಟು ಬೇರೆಲ್ಲೂ ಹತ್ತುವಂತಿಲ್ಲ, ಇಳಿಯುವಂತಿಲ್ಲ. ಬರ್ಟೀ ಕೌಂಟಿಯ ಶೇಂಗಾ ಬೆಳೆಗಾರ ಇಂದು ಯುಎಸ್-17ರ ನಡುವಿನ ಹುಲ್ಲುಪಟ್ಟಿಯ ತೆರಪಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಅತ್ತಿತ್ತ ನೋಡಿ, ಆಚೆ ಹೊಲಕ್ಕೆ ದಾಟುತ್ತಾನೆ. ಆ ತೆರಪು ಮುಚ್ಚಿದ ಮೇಲೆ ಸರ್ವಿಸ್ ರಸ್ತೆ ಹಿಡಿದು, ಸೇತುವೆ ಹುಡುಕಿ, ಸುತ್ತಿ ಬರಬೇಕು. ಲೇಖನದಲ್ಲಿ ಅವನ ಸುದ್ದಿಯೇ ಇಲ್ಲ.

ಐ-95 ಹಿಡಿದು ಯುಎಸ್-58 ಸೇರಿ ನಾರ್ಫೋಕ್ ತಲುಪುವ ದಾರಿಯೂ ಉಂಟು. ಹೊಸದು ಅದಕ್ಕಿಂತ ಎಷ್ಟು ನಿಮಿಷ ಬೇಗ? ಆ ಒಂದು ಲೆಕ್ಕ ಕೊಡದೆ 2015ರ ಫೆಡರಲ್ ಸಾರಿಗೆ ಕಾಯ್ದೆಯಲ್ಲಿ ಈ ಮಾರ್ಗ ಸೇರಿತೆಂದು ಹಿಗ್ಗಿದರೆ ಹೇಗೆ? ಅಪಾಯದ ಅಡ್ಡರಸ್ತೆಗಳಿಗೆ ಮೊದಲು ಮೇಲ್ಸೇತುವೆ ಕಟ್ಟಲಿ, ಬೇಡವೆನ್ನುವವರಿಲ್ಲ. ಉಳಿದ ಹಣ ಕೇಳುವವರು ಆ ನಿಮಿಷಗಳ ಲೆಕ್ಕ ತರಲಿ.