ಗಟ್ಟಿಗಿತ್ತಿ ಎಂದರೆ ಸಾಲದು

ಒಬ್ಬರ ಆರೈಕೆಗೆ ಎಷ್ಟು ಜನ ಬೇಕು? 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ಲೆಕ್ಕ ಹಾಕಿತು. 12ನೇ ವಯಸ್ಸಿನಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕಿ, ಮೆದುಳಿಗೆ ತೀವ್ರ ಪೆಟ್ಟು ಬಿದ್ದ ಬಾಲಕಿಯ ಪರಿಹಾರದ ಪ್ರಕರಣ ಅದು. ಹಗಲಿರುಳೂ ನೋಡಿಕೊಳ್ಳಬೇಕಾದಾಗ ಒಬ್ಬ ಸಹಾಯಕಿ ಸಾಲುವುದಿಲ್ಲ, ಇಬ್ಬರು ಬೇಕು ಎಂದ ನ್ಯಾಯಾಲಯ ಆ ಬಾಬ್ತಿಗೇ 21.60 ಲಕ್ಷ ರೂಪಾಯಿ ನಿಗದಿ ಮಾಡಿತು.

ನಮ್ಮ ಮನೆಗಳಲ್ಲಿ ಆ ಇಬ್ಬರ ಕೆಲಸ ಹೆಚ್ಚಾಗಿ ಒಬ್ಬಳ ತಲೆಗೇ ಬರುತ್ತದೆ. ಹೆಂಡತಿ, ತಾಯಿ, ಕೆಲವೊಮ್ಮೆ ಓದು ಬಿಟ್ಟ ಮಗಳು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನು, ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರನ್ನು ಡಿಸ್ಚಾರ್ಜ್ ಮಾಡಿಸಿ ಕರೆತಂದ ದಿನದಿಂದ ಆಕೆಯೇ ನರ್ಸು, ಆಕೆಯೇ ಆಯಾ. ಮೂಗಿನ ನಳಿಕೆಯಲ್ಲಿ ಗಂಜಿ ಹಾಕಬೇಕು, ಮೂತ್ರದ ಚೀಲ ಖಾಲಿ ಮಾಡಬೇಕು, ಬೆನ್ನಿಗೆ ಹುಣ್ಣಾಗದಂತೆ ನಡುರಾತ್ರಿಯಲ್ಲೂ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಬೇಕು. ನೋಡಲು ಬಂದ ನೆಂಟರು ‘ನೀನು ಗಟ್ಟಿಗಿತ್ತಿ ಕಣಮ್ಮ’ ಎಂದು ಬೆನ್ನು ಸವರಿ ಹೋಗುತ್ತಾರೆ. ಆ ಮಾತಿನಲ್ಲಿ ಪ್ರೀತಿಯಿದೆ, ನಿಜ. ಆದರೆ ಅದನ್ನು ಕೇಳಿಸಿಕೊಂಡ ಮೇಲೆ ಆಕೆ ಯಾರ ಮುಂದೆ ಅಳಬೇಕು?

ಮೈ ದಣಿವಿಗಿಂತ ಮನಸ್ಸಿನ ದಣಿವು ದೊಡ್ಡದು. ಮೆದುಳಿನ ಮುಂಭಾಗಕ್ಕೆ ಪೆಟ್ಟಾದರೆ ಸ್ವಭಾವವೇ ಬದಲಾಗಬಹುದು. ಸೌಮ್ಯವಾಗಿದ್ದ ಗಂಡ ಸಣ್ಣದಕ್ಕೂ ಸಿಡುಕುತ್ತಾನೆ, ಬೈಯುತ್ತಾನೆ, ಆಗಷ್ಟೇ ಹೇಳಿದ್ದನ್ನು ಮರೆಯುತ್ತಾನೆ. ಮನುಷ್ಯ ಕಣ್ಣೆದುರಿಗೇ ಇದ್ದಾನೆ. ಜೊತೆಯಲ್ಲಿ ಬಾಳಿದವನು ಕಾಣುತ್ತಿಲ್ಲ. ಇಂಥ ಕೊನೆಯಿಲ್ಲದ ನಷ್ಟವನ್ನು 1970ರ ದಶಕದಿಂದಲೇ ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್, 1999ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಸಾವಾದರೆ ಸೂತಕವಿದೆ, ತಿಥಿಯಿದೆ, ಸಂತೈಸಲು ಊರೇ ಬರುತ್ತದೆ. ಈ ದುಃಖಕ್ಕೆ ಯಾವ ಶಾಸ್ತ್ರವೂ ಇಲ್ಲ. ಆಕೆಗೆ ಸಿಟ್ಟು ಬಂದರೆ, ‘ಸಾಕಪ್ಪ ಸಾಕು’ ಅನ್ನಿಸಿದರೆ ಅದು ಪ್ರೀತಿ ಬತ್ತಿದ್ದಕ್ಕಲ್ಲ. ಈ ಮಾತನ್ನು ವೈದ್ಯರೋ ಆಪ್ತ ಸಮಾಲೋಚಕರೋ ಆಕೆಗೆ ಬಾಯಿಬಿಟ್ಟು ಹೇಳಬೇಕು.

ಮನಸ್ಸಿನ ಸ್ಥೈರ್ಯ ಕೆಲವರಿಗಷ್ಟೇ ಹುಟ್ಟಿನಿಂದ ಬಂದ ಗುಣವೆಂದು ನಾನು ನಂಬುವುದಿಲ್ಲ. ಕಣ್ತುಂಬ ನಿದ್ದೆ, ಕೈಯಲ್ಲಿ ನಾಲ್ಕು ಕಾಸು, ಮಾಡುವ ಕೆಲಸದ ತಿಳಿವಳಿಕೆ, ಮನಬಿಚ್ಚಿ ಮಾತಾಡಲು ಒಬ್ಬರು: ಇವಿದ್ದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಎಂಥವರೂ ಕುಸಿಯುತ್ತಾರೆ. ಆದ್ದರಿಂದ ಆಸ್ಪತ್ರೆಗಳು ರೋಗಿಯನ್ನು ಮನೆಗೆ ಕಳಿಸುವ ಮೊದಲೇ, ಮನೆಯವರಲ್ಲಿ ಕನಿಷ್ಠ ಇಬ್ಬರಿಗೆ ಆರೈಕೆಯ ಕೆಲಸ ಕಲಿಸಬೇಕು. ಆ ಇಬ್ಬರಲ್ಲಿ ಒಬ್ಬ ಗಂಡಸಿರಲಿ.

ಸರ್ಕಾರದ ಪಾಲೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಇರಬೇಕೆನ್ನುತ್ತದೆ. ಕೇರಳದ ‘ಆಶ್ವಾಸಕಿರಣಂ’ ಯೋಜನೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆಂದು ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿದೆ. ಮೊತ್ತ ಚಿಕ್ಕದು, ಆದರೂ ಆರೈಕೆಯನ್ನು ಕೆಲಸವೆಂದು ಒಪ್ಪಿಕೊಂಡ ಮೊತ್ತ. ಕರ್ನಾಟಕದಲ್ಲೂ ತಲೆಗೆ, ಬೆನ್ನುಹುರಿಗೆ ಪೆಟ್ಟಾದವರಿರುವ ಪ್ರತಿ ಮನೆಗೂ ಬದುಕಿಗೆ ಸಾಲುವಷ್ಟು ಭತ್ಯೆ ತಲುಪಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ರೋಗಿಯನ್ನು ಕೆಲವು ದಿನ ಬಿಟ್ಟು, ಮನೆಯವರು ವಿಶ್ರಾಂತಿ ಪಡೆಯುವ ವ್ಯವಸ್ಥೆ ಬೇಕು.

ಭತ್ಯೆ ಬರುವವರೆಗೆ ಬಂಧುಗಳು ಸುಮ್ಮನಿರಬೇಕಿಲ್ಲ. ಅಂಥ ಮನೆಗೆ ಹೋಗುವವರು ವಾರಕ್ಕೊಂದು ರಾತ್ರಿಯ ಪಾಳಿ ವಹಿಸಿಕೊಳ್ಳಲಿ. ‘ಅಕ್ಕ, ಇವತ್ತು ನಾನು ಎದ್ದಿರುತ್ತೇನೆ, ನೀವು ಮಲಗಿ’ ಎನ್ನುವವರಿದ್ದರೆ ಆಕೆ ಇನ್ನಷ್ಟು ವರ್ಷ ತಾಳಿಯಾಳು.